ಅರ್ಥವಿಲ್ಲದ ಶಬ್ದ

ಮುದುಕಿಯ ಮಾತು ತನಗೆ ಅರ್ಥವಾಗುತ್ತಿದೆ ಎಂದು ಹೇಳಿಬಿಡಲು ತಮಿಳರಸಿಗೆ ಬೆಳಿಗ್ಗೆ ಒಂದು ಗಳಿಗೆ ಸಿಕ್ಕಿತ್ತು. ಸ್ಟ್ರೆಚರನ್ನು ಆಗಷ್ಟೇ ಐಸಿಯು ಒಳಕ್ಕೆ ತಳ್ಳಿ ತಂದಿದ್ದರು. ಕಂಬಂ ಕಡೆಯ ಕೇಸು, ಹೆಸರು ಓಚ್ಚಮ್ಮಾಳ್, ನಿನ್ನೆ ಸಂಜೆಯಿಂದ ಬಡಬಡಿಸುತ್ತಿದ್ದಾಳೆ ಅಂತ ಮಗ ಹೇಳಿದ, ಬಿ.ಪಿ.ಗೆ ದಿನಕ್ಕೊಂದು ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ ಎಂದು ಡ್ಯೂಟಿ ಡಾಕ್ಟರು ಒಪ್ಪಿಸಿದರು. ತಿರುನೆಲ್ವೇಲಿಯಿಂದ ಬಂದ ಹೊಸಬರು ಅವರು, ತೇನಿ ಸುತ್ತಲಿನ ಈ ಕಂಬಂ ಕಣಿವೆಯಲ್ಲಿ ಯಾರ ಮನೆಯಲ್ಲಿ ಯಾವ ಮಾತು ಆಡುತ್ತಾರೆಂಬುದು ಗೊತ್ತಿರಲಿಲ್ಲ. ಮುದುಕಿಯ ಮುಖದ ಹತ್ತಿರ ಬಗ್ಗಿ ತಮಿಳಿನಲ್ಲಿ ಹೆಸರು ಕೇಳಿದರು, ಊರು ಕೇಳಿದರು. ಆಕೆ ಗಡಸು ದನಿಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಡಾಕ್ಟರು ನೆಟ್ಟಗಾಗಿ, ಇದು ಮಾತಲ್ಲ, ಬರೀ ಶಬ್ದ ಎಂದರು. ಅವರು ತಮಿಳರಸಿಯ ಕಡೆ ತಿರುಗಿ, ಹೌದಲ್ಲವೇ ಎನ್ನುವಂತೆ ನೋಡಿದ್ದೇ ಆ ಗಳಿಗೆ. ಮುದುಕಿ ಕನ್ನಡದಲ್ಲಿ ಹೇಳಿದ್ದು, ದನ ಬಿಚ್ಚಿದ್ದು ಯಾರು, ಹಾಲು ಕರೆದಾಯಿತೇ ಎಂದು. ಗೊಂದಲದ ಮಾತೇ, ಆದರೆ ಮಾತು. ರೋಗಿಯ ಪ್ರಜ್ಞೆ ಅಳೆಯುವಾಗ ಗೊಂದಲದ ಮಾತಿಗೆ ಬೇರೆ ಅಂಕ, ಅರ್ಥವಿಲ್ಲದ ಶಬ್ದಕ್ಕೆ ಬೇರೆ ಅಂಕ ಎಂದು ತಮಿಳರಸಿಯೇ ಪ್ರತಿ ಬ್ಯಾಚಿನ ಹುಡುಗಿಯರಿಗೆ ಕಲಿಸುತ್ತಿದ್ದಳು. ಅವಳು ತಲೆಯಾಡಿಸಿದಳು. ಹೌದು ಎಂದಲ್ಲ, ಇಲ್ಲ ಎಂದೂ ಅಲ್ಲ. ಡಾಕ್ಟರು ಅದನ್ನು ಹೌದು ಎಂದು ತೆಗೆದುಕೊಂಡು ಕಡಿಮೆಯ ಅಂಕವನ್ನೇ ಬರೆದರು.

ಅವರು ಆಚೆ ಹೋದ ಮೇಲೆ ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. “ನಿನ್ ಕಮ್ಮಲ್ ತಿರುಪು ಸಡ್ಲಾಗೈತೆ ಕಣ್ಣು, ಬಿದ್ದೋದೀತು,” ಎಂದಳು. ತಮಿಳರಸಿಯ ಕೈ ತಾನಾಗಿ ಕಿವಿಯ ಓಲೆಗೆ ಹೋಯಿತು. ಹೋದ ಕೈಯನ್ನು ಅರ್ಧದಲ್ಲಿ ತಿರುಗಿಸಿ ಮಾಸ್ಕಿನ ದಾರ ಸರಿಮಾಡಿಕೊಂಡಂತೆ ಮಾಡಿದಳು. ಆದರೆ ಆಕೆ ನೋಡಿಬಿಟ್ಟಿದ್ದಳು. ಮುಖದ ಬಿಗಿ ಕೊಂಚ ಸಡಿಲಿತು. ಆಮೇಲೆ, ಮನೆಯವಳೊಬ್ಬಳು ಸಿಕ್ಕಳೆಂಬ ಧೈರ್ಯದಲ್ಲಿ ದನಿ ತಗ್ಗಿಸಿ ಹೇಳಿದಳು: “ನೀರ್ ಮಾತ್ರೆ ಎರಡೆರಡು ನುಂಗ್ಬುಟ್ಟೆ. ಅಳೇದೊಂದು, ಒಸದೊಂದು. ಕಣ್ ಕಾಣ್ದು ನಂಗೆ.” ಅಷ್ಟು ಹೇಳಿ ಮತ್ತೆ ದನಗಳ ಕಡೆ ಹೊರಟುಹೋದಳು. ತಮಿಳರಸಿಯನ್ನು ನಾಗಮ್ಮಾ ಎಂದು ಕರೆದಳು. ಅದು ಯಾರ ಹೆಸರೋ.

ಹೇಳಿದರೆ ಏನಾಗುತ್ತಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಏನೂ ಆಗುತ್ತಿರಲಿಲ್ಲ. ಆದರೆ ಮಂಚದ ಪಕ್ಕದಲ್ಲಿ ಬೇರೆಯವರ ಮಾತು ದಾಟಿಸುವವಳಾಗಿ ನಿಲ್ಲುವುದು ಏನೆಂದು ಅವಳ ಮೈಗೆ ಗೊತ್ತಿತ್ತು. ಹದಿನೈದು ವರ್ಷಗಳ ಹಿಂದೆ ದಿಂಡಿಗಲ್ಲಿನ ಆಸ್ಪತ್ರೆಯೊಂದರಲ್ಲಿ, ಚರ್ಮ ಹದಮಾಡುವ ವಾಸನೆ ಕಿಟಕಿಯಿಂದ ಬರುವ ವಾರ್ಡಿನಲ್ಲಿ, ಹೊಸ ನರ್ಸಾಗಿದ್ದಾಗ, ನಿಲಕ್ಕೋಟ್ಟೈ ಕಡೆಯ ಹೂ ಬೆಳೆಯುವ ಕನ್ನಡದವರ ಮನೆಯ ಹೆಂಗಸರು ಬಂದರೆ ಸಾಕು, ಆ ಕನ್ನಡದ ಹುಡುಗಿಯನ್ನು ಕರೆಯಿರಿ ಎನ್ನುತ್ತಿದ್ದರು. ಹೆಸರಿಲ್ಲ. ಇಂಜೆಕ್ಷನ್ ಟ್ರೇ ಕೆಳಗಿಟ್ಟು ಓಡಬೇಕು. ಎಷ್ಟು ಸಲ ಭೇದಿಯಾಯಿತು ಕೇಳು, ಮುಟ್ಟು ಯಾವಾಗ ನಿಂತಿತು ಕೇಳು. ಅವಳ ಬಾಯಿಯಿಂದ ಬಂದದ್ದನ್ನು ಡಾಕ್ಟರು ಬರೆದುಕೊಳ್ಳುತ್ತಿದ್ದರು, ಅವಳ ಮುಖ ನೋಡುತ್ತಿರಲಿಲ್ಲ. ಒಂದು ದಿನ, ರೋಗಿಯ ಉಸಿರು ಏಕೆ ಹೀಗೆ ಆಳವಾಗಿದೆ, ಸಕ್ಕರೆ ಹೆಚ್ಚಾಗಿ ರಕ್ತ ಹುಳಿಯಾಗಿರಬಹುದೇ ಎಂದು ಬಾಯಿಬಿಟ್ಟಾಗ ಅವರು ಪೆನ್ನು ನಿಲ್ಲಿಸಿ, ರೋಗಿ ಹೇಳಿದ್ದನ್ನು ಮಾತ್ರ ಹೇಳಮ್ಮ ಎಂದಿದ್ದರು. ಬೈಗುಳವಲ್ಲ, ಸಹನೆಯಿಂದಲೇ. ಸುತ್ತ ನಿಂತಿದ್ದವರು ನಗಲಿಲ್ಲ ಕೂಡ. ಅವಳ ಊಹೆ ಸರಿಯಾಗಿತ್ತೆಂಬುದು ಮಾರನೆಯ ದಿನ ರಕ್ತದ ರಿಪೋರ್ಟಿನಲ್ಲಿ ತಿಳಿದಾಗ ಅದನ್ನು ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ. ಅದಕ್ಕೇ ಅವಳು ಓದಿದ್ದು. ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ, ರಜೆ ಹಾಕಿ ಓದಿದ್ದು. ರೋಗಿಗೆ ಏನಾಗಿದೆ ಎನ್ನುವುದರ ಕೆಳಗೆ ಅದು ಹೇಗಾಯಿತು ಎನ್ನುವುದೊಂದು ಇದೆ. ಜೀವಕೋಶದ ಗೋಡೆಯ ಬಳಿ, ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ನಡೆಯುವುದು. ಅದನ್ನು ತಿಳಿದವಳ ಮುಖವನ್ನು ಡಾಕ್ಟರುಗಳು ನೋಡುತ್ತಾರೆ. ಈಗ ನೋಡುತ್ತಿದ್ದರು. ತೇನಿಯ ಈ ಆಸ್ಪತ್ರೆಯಲ್ಲಿ ನರ್ಸ್ ಪ್ರಾಕ್ಟಿಷನರ್ ಎಂಬ ಬ್ಯಾಡ್ಜು ಹಾಕಿಕೊಂಡವಳು ಅವಳೊಬ್ಬಳೇ. ಇಲ್ಲಿ ಯಾರಿಗೂ ಅವಳ ಮನೆಮಾತು ಗೊತ್ತಿರಲಿಲ್ಲ. ಅವಳು ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ. ಶಾಲೆಯಲ್ಲಿ ಯಾರೂ ಏನೂ ಕೇಳದಿರಲಿ ಎಂದು ಅಪ್ಪ ಇಟ್ಟ ಹೆಸರು ತಮಿಳರಸಿ. ಅದು ಅವಳಿಗಿಂತ ಮುಂದೆ ಹೋಗಿ ಬಾಗಿಲು ತೆಗೆಯುತ್ತಿತ್ತು.

ಮುಖ್ಯ ಡಾಕ್ಟರು ರೌಂಡಿಗೆ ಬಂದಾಗ ಅವರ ಹಿಂದೆ ನರ್ಸಿಂಗ್ ವಿದ್ಯಾರ್ಥಿಗಳಿದ್ದರು. ಮೂರನೆಯ ವರ್ಷದವರು, ಅವರಲ್ಲಿ ಇಬ್ಬರು ಗಂಡು ಹುಡುಗರು. ಮುಂದೆ ನಿಂತವಳು ಅಭಿರಾಮಿ, ಎಲ್ಲದಕ್ಕೂ ಮೊದಲು ಕೈ ಎತ್ತುವವಳು, ತಮಿಳರಸಿಯಂತೆಯೇ ತಲೆ ಬಾಚಿಕೊಳ್ಳುವವಳು. ಡಾಕ್ಟರು ಚೆನ್ನೈಯವರು, ಒಳ್ಳೆಯವರು, ಕಲಿಸುವುದೆಂದರೆ ಹುಮ್ಮಸ್ಸು. ಮೊಣಕಾಲಿಗೆ ಸುತ್ತಿಗೆ ತಟ್ಟಿ ನರಗಳ ಪ್ರತಿಕ್ರಿಯೆ ತೋರಿಸಲು ಅವರು ಆಸ್ಪತ್ರೆಯ ನೀಲಿ ಗೌನನ್ನು ಮೇಲಕ್ಕೆ ಸರಿಸಿದರು. ಅದು ಬೇಕಾದುದಕ್ಕಿಂತ ಮೇಲಕ್ಕೆ ಹೋಯಿತು. ತೆಳ್ಳಗಿನ, ಬಿಸಿಲು ಕಾಣದ, ಗೆರೆಗಳು ಇಳಿಬಿದ್ದ ಎರಡು ತೊಡೆಗಳು ಟ್ಯೂಬ್‌ಲೈಟಿನ ಬೆಳಕಿಗೆ ಬಂದವು. ಮುದುಕಿಯ ಕೈ ಗೌನಿನ ಅಂಚಿಗೆ ಹೋಯಿತು. “ಬಟ್ಟೆ ಇಳಿಸವ್ವ. ಗಂಡ್ಸು ನಿಂತವ್ರೆ,” ಎಂದಳು. ಅವಳು ಹೇಳಿದ್ದು ತಮಿಳರಸಿಗೆ. ಡಾಕ್ಟರು ನೋಡಿದಿರಾ ಎಂದರು ವಿದ್ಯಾರ್ಥಿಗಳಿಗೆ, ಹೇಗೆ ನಿರರ್ಗಳವಾಗಿ ಬರುತ್ತಿದೆ ಶಬ್ದ, ಆದರೆ ಒಂದೂ ಪದವಲ್ಲ. ಮುದುಕಿಯ ಕೈ ಮತ್ತೆ ಬಟ್ಟೆ ಎಳೆಯಿತು. ಮೂತ್ರದ ನಳಿಕೆ ಅಲ್ಲೇ ಇತ್ತು. ಕಿತ್ತುಕೊಂಡರೆ ರಕ್ತ ಬರುತ್ತದೆ, ಕೈ ಕಟ್ಟಿ ಎಂದರು ಡಾಕ್ಟರು. ತಮಿಳರಸಿ ಅಭಿರಾಮಿಗೆ ಕಣ್ಣಲ್ಲೇ ಸೂಚಿಸಿದಳು. ಅಭಿರಾಮಿ ಹತ್ತಿ ಸುತ್ತಿ, ಗಾಜ್ ಬಟ್ಟೆ ಸುತ್ತಿ, ಕಲಿಸಿದ ಹಾಗೆಯೇ ಎರಡೂ ಮಣಿಕಟ್ಟುಗಳನ್ನು ಮಂಚದ ಕಂಬಿಗೆ ಕಟ್ಟಿದಳು. ಬಟ್ಟೆಯನ್ನು ಕೆಳಕ್ಕೆ ಎಳೆಯಲು ಯಾರಿಗೂ ತೋಚಲಿಲ್ಲ. ತಮಿಳರಸಿಗೆ ತೋಚಿತು. ಒಂದು ಹೆಜ್ಜೆ, ಒಂದು ಕೈ. ಆದರೆ ಮುದುಕಿ ಕೇಳಿದ ಮರುಗಳಿಗೆಯೇ ತಾನು ಎಳೆದರೆ ಕೇಳಿಸಿಕೊಂಡಂತಾಗುತ್ತಿತ್ತು. “ನೀನಾರ ಏಳವ್ವ ಅವರ್ಗೆ,” ಎಂದಳು ಮುದುಕಿ. ತಮಿಳರಸಿ ಮಾನಿಟರಿನ ಹಸಿರು ಗೆರೆಯನ್ನು ನೋಡಿದಳು. ಅದು ಸರಿಯಾಗಿಯೇ ಓಡುತ್ತಿತ್ತು.

ಆಗ ಡಾಕ್ಟರು ಅವಳ ಕಡೆ ತಿರುಗಿ, ಮೇಡಂ, ನಿಮ್ಮ ಅಭಿಪ್ರಾಯ ಎಂದರು. ಅವಳು ಮಾತಾಡತೊಡಗಿದಳು. ಮಾತು ಹೇಗೆ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ತಲೆಯ ಸ್ಕ್ಯಾನ್ ಸರಿಯಾಗಿದೆ, ಜ್ವರವಿಲ್ಲ, ಕೈಕಾಲಿನ ಬಲ ಎರಡೂ ಕಡೆ ಒಂದೇ. ರಕ್ತದಲ್ಲಿ ಸೋಡಿಯಂ ಕುಸಿದಿದೆ. ರಕ್ತದಲ್ಲಿ ಉಪ್ಪು ತೆಳುವಾದಾಗ ನೀರು ಉಪ್ಪು ಹೆಚ್ಚಿರುವ ಕಡೆ, ಎಂದರೆ ಜೀವಕೋಶಗಳ ಒಳಕ್ಕೆ, ನುಗ್ಗುತ್ತದೆ. ಬೇರೆ ಕಡೆ ಊದಿಕೊಳ್ಳಲು ಜಾಗವಿದೆ, ತಲೆಬುರುಡೆಯೊಳಗೆ ಇಲ್ಲ. ಹಾಗಾಗಿ ಮೊದಲು ಕೆಡುವುದು ಬುದ್ಧಿ, ಮಾತು. ಆದರೆ ಉಪ್ಪು ನಿಧಾನವಾಗಿ ಕುಸಿದರೆ ಮಿದುಳು ಹೊಂದಿಕೊಳ್ಳುತ್ತದೆ, ಊದದಿರಲೆಂದು ತನ್ನೊಳಗಿನ ಲವಣಗಳನ್ನು ತಾನೇ ಹೊರಗೆ ಚೆಲ್ಲುತ್ತದೆ. ಅದಕ್ಕೇ ನಾವು ಆತುರದಿಂದ ಉಪ್ಪು ಏರಿಸಬಾರದು, ಏರಿಸಿದರೆ ಬರಿದಾದ ಕೋಶಗಳು ಸುರುಟಿಕೊಂಡು ನರಗಳ ಹೊದಿಕೆ ಹರಿದುಹೋಗುತ್ತದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಸರಿ, ಉಪ್ಪು ಕುಸಿದದ್ದೇಕೆ ಎಂದು ಡಾಕ್ಟರು ಕೇಳಿದರು. ಅವಳು ಅರೆಕ್ಷಣ ತಡೆದಳು. ಆ ತಡೆ ಯೋಚನೆಯಂತೆ ಕಂಡಿರಬೇಕು. ಬಿ.ಪಿ.ಯ ಕೆಲವು ಮಾತ್ರೆಗಳು ಮೂತ್ರದಲ್ಲಿ ಉಪ್ಪನ್ನು ಹೊರದಬ್ಬುತ್ತವೆ, ಇವರಿಗೆ ದೃಷ್ಟಿ ಮಂದ ಇರಬಹುದು, ಅಂಗಡಿಯಲ್ಲಿ ಕಂಪನಿ ಬದಲಾಗಿ ಹಳೆಯದನ್ನೂ ಹೊಸದನ್ನೂ ಎರಡೂ ನುಂಗುತ್ತಿರಬಹುದು, ಮನೆಯಿಂದ ಮಾತ್ರೆಯ ಪಟ್ಟಿಗಳನ್ನು ತರಿಸಿ ನೋಡಬೇಕು ಎಂದಳು.

ಮಧ್ಯಾಹ್ನದೊಳಗೆ ಮುದುಕಿಯ ಮಗ ಮನೆಗೆ ಫೋನು ಮಾಡಿ ವಿಚಾರಿಸಿದ. ಎರಡೂ ಸಿಕ್ಕವು. ಬೇರೆ ಬೇರೆ ಹೊದಿಕೆ, ಒಳಗೆ ಒಂದೇ ಔಷಧಿ. ಡಾಕ್ಟರು ಕ್ಯಾಂಟೀನಿನಲ್ಲಿ ಎಲ್ಲರೆದುರು, ರೋಗಿ ಒಂದು ಮಾತೂ ಹೇಳಲಾರದ ಸ್ಥಿತಿಯಲ್ಲಿ ಬರೀ ದೇಹದ ತರ್ಕದಿಂದ ಇಲ್ಲಿಗೆ ತಲುಪಿದರಲ್ಲ, ಇದನ್ನು ಕಲಿಯಿರಿ ಎಂದರು. ತಮಿಳರಸಿ ಸಾಂಬಾರಿನಲ್ಲಿದ್ದ ನುಗ್ಗೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ಮುಖ ಬಿಸಿಯಾಯಿತು. ನಾಚಿಕೊಂಡಳು ಎಂದುಕೊಂಡು ಅವರು ಇನ್ನೂ ಹೊಗಳಿದರು. ಶಬ್ದ ಎಂದು ಬರೆಸಿದ್ದು ಅವಳೇ. ಆ ಶಬ್ದದೊಳಗಿನಿಂದ ತನಗೆ ಬೇಕಾದದ್ದೊಂದನ್ನು ಎತ್ತಿಕೊಂಡು ತನ್ನ ಬುದ್ಧಿಯೆಂದು ತೋರಿಸಿದ್ದೂ ಅವಳೇ. ಕೈ ತೊಳೆಯುವಾಗ ಅವಳಿಗೆ ತನ್ನದೇ ಪಾಠ ನೆನಪಾಯಿತು, ಒಳಗಿನ ಲವಣ ಚೆಲ್ಲಿ ಉಳಿದುಕೊಳ್ಳುವ ಕೋಶ. ಹೋಲಿಕೆ ಎಷ್ಟು ಚೆನ್ನಾಗಿ ಕೂತಿತೆಂದರೆ ಅವಳಿಗೆ ಹೇಸಿಗೆಯಾಯಿತು. ಇದನ್ನೂ ಪಾಠ ಮಾಡಿಬಿಡುತ್ತಿದ್ದೇನೆ, ಅಲ್ಲಿ ಒಬ್ಬಳ ಕೈ ಕಟ್ಟಿಸಿ ಬಂದು.

ಅಷ್ಟರಲ್ಲಿ ಅಮ್ಮನ ಫೋನು. ಸುರುಳಿಪಟ್ಟಿ ಊರಿನ ಮನೆಯಲ್ಲಿ ಅಮ್ಮ ರಾಜಮ್ಮಾಳ್ ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು ಕೂಗಿ ಮಾತಾಡುತ್ತಾಳೆ. ಅದಕ್ಕೇ ತಮಿಳರಸಿ ಡ್ಯೂಟಿಯಲ್ಲಿ ಫೋನಿನ ದನಿಯನ್ನು ಕಡಿಮೆ ಮಾಡಿಟ್ಟಿರುತ್ತಾಳೆ. ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ಮಗಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಇಬ್ಬರಿಗೂ ಅದು ವಿಚಿತ್ರ ಎನ್ನಿಸುವ ಕಾಲ ಕಳೆದುಹೋಗಿದೆ. ನಮ್ಮವರು ಓಚ್ಚಮ್ಮಾಳ್ ಅಂತ ನಿಮ್ಮಲ್ಲಿಗೆ ಬಂದಿದ್ದಾರಂತೆ, ಮಗ ಕಾಳಿಮುತ್ತು ಫೋನು ಮಾಡಿದ್ದ ಎಂದಳು ಅಮ್ಮ. ಐಸಿಯು ಬಾಗಿಲ ಆಚೆ ಕೂತು ಅಳುತ್ತಿದ್ದನಂತೆ. “ಬಯ ಬೇಡಪ್ಪ, ನನ್ ಮಗಳೇ ಅಲ್ಲಿ ಅವಳೆ, ಬಾಷೆಗೇನ್ ಕಮ್ಮಿ ಅಂದಿವ್ನಿ,” ಎಂದಳು. ಸರಿ ಅಮ್ಮ, ನೋಡಿಕೊಳ್ಳುತ್ತೇನೆ ಎಂದು ತಮಿಳಿನಲ್ಲಿ ಹೇಳಿ ಫೋನು ಇಟ್ಟ ತಮಿಳರಸಿ ನೇರವಾಗಿ ಮುದುಕಿಯ ಮಂಚಕ್ಕೆ ಹೋದಳು. ಬೆರಳುಗಳ ರಕ್ತಸಂಚಾರ ನೋಡಬೇಕು ಎಂದು ಅಲ್ಲಿದ್ದ ನರ್ಸಿಗೆ ಕಾರಣ ಹೇಳಿ ಕಟ್ಟು ಬಿಚ್ಚಿದಳು. ಮಣಿಕಟ್ಟಿನ ಮೇಲೆ ಗಾಜ್ ಬಟ್ಟೆಯ ನೇಯ್ಗೆ ಅಚ್ಚೊತ್ತಿತ್ತು. ಮುದುಕಿ ನಿದ್ದೆಯಲ್ಲಿದ್ದಳು. ಗೌನನ್ನು ಪಾದದವರೆಗೆ ಎಳೆದು ಮೇಲೊಂದು ಹೊದಿಕೆ ಹಾಸಿದಳು. ನಿದ್ದೆಯಲ್ಲಿರುವವಳಿಗೆ ಅದು ಬೇಕಿರಲಿಲ್ಲ.

ಸಂಜೆ ಭೇಟಿಯ ಹೊತ್ತಿಗೆ ಕಾಳಿಮುತ್ತು ಬಂದ. ಐವತ್ತರ ಆಸುಪಾಸಿನವನು, ಹೊರಗೆ ಬಿಟ್ಟ ಚಪ್ಪಲಿಯ ಗುರುತು ಪಾದದ ಮೇಲೆ, ಕೈಯಲ್ಲಿ ಖಾಲಿ ಫ್ಲಾಸ್ಕು. ತಾಯಿಯ ಕಿವಿಯ ಹತ್ತಿರ ಬಗ್ಗಿ ಅವ್ವಾ ಎಂದ. ಆಕೆ ಕಣ್ಣು ಬಿಟ್ಟು, ಊಟ ಮಾಡಿದೆಯಾ ಎಂದು ಕೇಳಿದಳು. ಇದು ಯಾವ ಊರೆಂದು ಅವನು ಕೇಳಿದ್ದಕ್ಕೆ ತೇನಿ, ಆಸ್ಪತ್ರೆ ಎಂದಳು. ಮುಖ್ಯ ಡಾಕ್ಟರು ಆ ಹೊತ್ತಿಗೆ ಅಲ್ಲೇ ಇದ್ದರು. ಮಗ ಅವರ ಕಡೆ ತಿರುಗಿ, ಅವ್ವ ಸರಿಯಾಗೇ ಮಾತಾಡುತ್ತಿದ್ದಾಳೆ ಸಾರ್, ಅದು ನಮ್ಮ ಮನೆಮಾತು, ಕನ್ನಡ ಎಂದ. ಡಾಕ್ಟರು ಬೆರಗಾದರು, ಆಮೇಲೆ ಖುಷಿಪಟ್ಟರು, ತಪ್ಪು ಒಪ್ಪಿಕೊಳ್ಳಲು ಅವರಿಗೆ ಕಷ್ಟವಿರಲಿಲ್ಲ. ಕಾಯಿಲೆಯಲ್ಲಿ ಕಲಿತ ಭಾಷೆ ಜಾರಿ ಹುಟ್ಟಿನ ಭಾಷೆ ಉಳಿಯುತ್ತದೆ, ನಮಗೆ ಹೊಳೆಯಲೇ ಇಲ್ಲವಲ್ಲ ಎಂದು ಅಭಿರಾಮಿಗೆ ವಿವರಿಸತೊಡಗಿದರು. ಕಾಳಿಮುತ್ತು ಸಂಕೋಚದಿಂದ ನಕ್ಕು, “ಸಿಸ್ಟರ್ ಇರುಂದಾಂಗಳೇ ಸಾರ್. ಅವಂಗ ನಮ್ಮ ರಾಜಮ್ಮಾಳ್ ಮಗಳ್,” ಎಂದು ತಮಿಳಿನಲ್ಲಿ ಹೇಳಿ ತಮಿಳರಸಿಯನ್ನು ತೋರಿಸಿದ. ಸಿಸ್ಟರ್ ಇದ್ದರಲ್ಲ, ನಮ್ಮ ರಾಜಮ್ಮಾಳ್ ಮಗಳು.

ಎಲ್ಲರೂ ಅವಳನ್ನು ನೋಡಿದರು. ಮುದುಕಿಯೂ ನೋಡಿದಳು. ಇದು ಎರಡನೆಯ ಗಳಿಗೆ ಎಂದು ಅವಳಿಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಬಾಯಿ ತನ್ನ ಪಾಡಿಗೆ ತಾನು ಹೇಳಿತು, ನನಗೆ ಅಷ್ಟಾಗಿ ಬರುವುದಿಲ್ಲ ಸಾರ್, ನಮ್ಮ ಮನೆಯಲ್ಲಿ ತಮಿಳೇ. ಡಾಕ್ಟರು ತಕ್ಷಣ ಒಪ್ಪಿಕೊಂಡರು. ಒಪ್ಪದಿದ್ದರೆ, ಹುಬ್ಬು ಗಂಟಿಕ್ಕಿದ್ದರೆ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ಸುಟ್ಟದ್ದು ಕಾಳಿಮುತ್ತು. ಮಧ್ಯಾಹ್ನವಷ್ಟೇ ಅವಳ ತಾಯಿಯ ಬಾಯಿಂದ ಭರವಸೆ ಪಡೆದವನು, ಅವಳ ಮುಖವನ್ನು ಒಮ್ಮೆ ನೋಡಿ ಎಲ್ಲ ಅರ್ಥಮಾಡಿಕೊಂಡು, ಹೌದು ಸಾರ್, ಈಗಿನ ಮಕ್ಕಳಿಗೆ ಎಲ್ಲಿ ಬರುತ್ತದೆ, ನನ್ನ ಮಗಳಿಗೂ ಬರುವುದಿಲ್ಲ ಎಂದು ಅವಳ ಸುಳ್ಳಿಗೆ ತಾನೇ ಹೆಗಲು ಕೊಟ್ಟ. ಫ್ಲಾಸ್ಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

ಮುದುಕಿಗೆ ಉಪ್ಪು ನಿಧಾನವಾಗಿ ಏರಿತು. ದನಗಳು ಮನೆಗೆ ಮರಳಿದವು, ನಾಗಮ್ಮ ಸತ್ತು ಬಹಳ ವರ್ಷವಾಯಿತು ಎಂಬುದು ಆಕೆಗೆ ನೆನಪಾಯಿತು. ಆಕೆಯನ್ನು ವಾರ್ಡಿಗೆ ಕಳಿಸಿದರು. ತಮಿಳರಸಿ ಒಂದು ಬೆಳಿಗ್ಗೆ ಮುಖ್ಯ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತಳು. ಬನ್ನಿ ಮೇಡಂ, ಈ ಕೇಸನ್ನು ಎಲ್ಲ ಬ್ಯಾಚಿಗೂ ನೀವೇ ಹೇಳಬೇಕು ಎಂದು ಅವರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಹೇಳಬೇಕೆಂದು ಬಂದ ವಾಕ್ಯದ ಮೊದಲ ಪದವನ್ನು ಹುಡುಕುತ್ತ ನಿಂತು, ಕೊನೆಗೆ ಗುರುವಾರ ರಜೆ ಬೇಕು ಸಾರ್ ಎಂದಳು. ಅವರು ಧಾರಾಳವಾಗಿ ಕೊಟ್ಟರು. ಮಗುವಿನ ಶಾಲೆಗೂ ಹೋಗಬೇಕಿರಲಿಲ್ಲ, ಎಲ್ಲಿಗೂ ಹೋಗಬೇಕಿರಲಿಲ್ಲ. ಆ ಗುರುವಾರ ಅವಳು ಮನೆಯಲ್ಲಿ ಹಗಲಿಡೀ ಬಟ್ಟೆ ಒಗೆದಳು.

ಶುಕ್ರವಾರ ಮುದುಕಿ ಮನೆಗೆ ಹೊರಡುವವಳಿದ್ದಳು. ಮೆಟ್ಟಿಲು ಹತ್ತುವಾಗ ತಮಿಳರಸಿ ಹೇಳಬೇಕಾದದ್ದನ್ನು ಕನ್ನಡದಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡಳು. ಕ್ಷಮಿಸಿ ಎನ್ನಲು ತಮ್ಮ ಮನೆಮಾತಿನಲ್ಲಿ ಏನೆನ್ನುತ್ತಾರೆ ಎಂಬಲ್ಲೇ ತಡೆಯಿತು. ಅಮ್ಮನ ಬಾಯಲ್ಲಿ ಆ ಪದ ಕೇಳಿದ ನೆನಪೇ ಇರಲಿಲ್ಲ. ತಪ್ಪು ಮಾಡಿದವರು ಏನು ಹೇಳುತ್ತಿದ್ದರು? ಸುಮ್ಮನೆ ಬಂದು ಎದುರು ಕೂರುತ್ತಿದ್ದರು ಅನ್ನಿಸುತ್ತದೆ. ವಾರ್ಡಿನಲ್ಲಿ ಓಚ್ಚಮ್ಮಾಳ್ ತನ್ನ ಸೀರೆಯನ್ನೇ ಉಟ್ಟು, ಕಾಲು ಮಡಿಸಿ ಮಂಚದ ಮೇಲೆ ಕೂತಿದ್ದಳು. ಅಭಿರಾಮಿ ಕೊನೆಯ ಬಾರಿ ಬಿ.ಪಿ. ನೋಡುತ್ತಿದ್ದಳು. ಮಗ ಕೆಳಗೆ ಬಿಲ್ಲಿನ ಕಡೆ ಹೋಗಿದ್ದ. ಅಭಿರಾಮಿ ಇರುತ್ತಾಳೆಂದು ಅವಳು ಎಣಿಸಿರಲಿಲ್ಲ. ತಿರುಗಿ ಹೋಗಿ ಆಮೇಲೆ ಬರಬಹುದಿತ್ತು. ಕಾಲು ಸ್ವಲ್ಪ ತಿರುಗಿತು ಕೂಡ.

“ಅವ್ವಾ, ನಂಗೆ ಅರ್ತ ಆಗ್ತಿತ್ತು. ಆವತ್ತು,” ಎಂದಳು. ದನಿ ತನ್ನದಲ್ಲವೆನ್ನಿಸಿತು. ಇಷ್ಟು ದೊಡ್ಡ ಹೆಂಗಸಿನ ಬಾಯಲ್ಲಿ ಪುಟ್ಟ ಹುಡುಗಿಯ ಕನ್ನಡ.

ಮುದುಕಿ ಅವಳನ್ನು ನೋಡಿದಳು. “ಪರವಾಯಿಲ್ಲೆ ಸಿಸ್ಟರ್. ನೀಂಗ ಪೋಯಿ ವೇಲೆಯೆ ಪಾರುಂಗ,” ಎಂದಳು ತಮಿಳಿನಲ್ಲಿ. ಪರವಾಗಿಲ್ಲ, ನೀವು ಹೋಗಿ ಕೆಲಸ ನೋಡಿ. ಬಹುವಚನ. ಹೊರಗಿನವರಿಗೆ ಕೊಡುವ ಮರ್ಯಾದೆ ಅದು, ಒಂದಿಷ್ಟೂ ಕೊಂಕಿಲ್ಲದೆ, ಪೂರ್ತಿಯಾಗಿ ಕೊಟ್ಟದ್ದು. ಅಭಿರಾಮಿ ಕಿವಿಯಿಂದ ಸ್ಟೆತಸ್ಕೋಪು ತೆಗೆದಳು. ತಮಿಳರಸಿ ಹೋಗಲಿಲ್ಲ. ಮಾತ್ರೆಯ ವಿಷಯ ಎತ್ತಿದಳು. ಆ ನೀರಿನ ಮಾತ್ರೆ ಇನ್ನು ತೆಗೆದುಕೊಳ್ಳಬಾರದು, ಹಳೆಯದೂ ಹೊಸದೂ ಎರಡನ್ನೂ ಎಸೆಯಬೇಕು, ಕನ್ನಡ ಎಡವಿದಲ್ಲಿ ತಮಿಳು ಸೇರಿಸಿ ಹೇಳಿದಳು. ನೀವು ಹೇಳಿದ್ದರಿಂದಲೇ ನನಗೆ ಗೊತ್ತಾದದ್ದು ಎಂದಳು. ಮುದುಕಿ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಉಜ್ಜಿಕೊಂಡಳು. ಅಲ್ಲಿ ಕಂದಿದ ಕಲೆ ಇನ್ನೂ ಇತ್ತು. ಆಮೇಲೆ ಕನ್ನಡದಲ್ಲಿ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯಬೇಕೆನ್ನುವವಳಂತೆ ಕೇಳಿದಳು:

“ಮಾತ್ರೆ ಮಾತು ಕೇಳಿಸ್ತು. ಬಟ್ಟೆ ಇಳಿಸು ಅಂದಿದ್ದು ಕೇಳಿಸ್ನಿಲ್ವಾ?”

“ಕೇಳಿಸ್ತು,” ಎಂದಳು ತಮಿಳರಸಿ.

ಅಭಿರಾಮಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಆ ಕನ್ನಡ ಅವಳಿಗೆ ಒಂದಕ್ಷರವೂ ತಿಳಿದಿರಲಿಲ್ಲ, ಆದರೆ ಏನೋ ನಡೆದದ್ದು ತಿಳಿದಿತ್ತು. ಪೇಷಂಟ್ ಏನು ಹೇಳುತ್ತಿದ್ದಾರೆ ಮೇಡಂ ಎಂದು ಮೆಲ್ಲಗೆ ಕೇಳಿದಳು. ಏನಿಲ್ಲ, ಮಾತ್ರೆಯ ವಿಷಯ ಎನ್ನಬಹುದಿತ್ತು. ಅದು ಅರ್ಧ ನಿಜವೂ ಆಗಿತ್ತು. ತಮಿಳರಸಿ ಮಂಚದ ಕಂಬಿಯನ್ನು ಹಿಡಿದುಕೊಂಡಳು. ಮೊದಲ ದಿನ ಬೆಳಿಗ್ಗೆ ಇವರು ನನಗೆ ಮಾತ್ರೆ ಎರಡೆರಡು ನುಂಗಿದೆ ಎಂದು ಹೇಳಿದ್ದರು, ಅದನ್ನೇ ನಾನು ರೌಂಡಿನಲ್ಲಿ ಹೇಳಿದ್ದು, ನಾನಾಗಿ ಕಂಡುಹಿಡಿದದ್ದಲ್ಲ ಎಂದು ತಮಿಳಿನಲ್ಲಿ ಆರಂಭಿಸಿದಳು. ನೀನು ಕೈ ಕಟ್ಟುವಾಗ ಇವರು ನಳಿಕೆ ಕೀಳುತ್ತಿರಲಿಲ್ಲ, ತೊಡೆ ಮುಚ್ಚಿಕೊಳ್ಳುತ್ತಿದ್ದರು. ಬಟ್ಟೆ ಇಳಿಸು, ಗಂಡಸರು ನಿಂತಿದ್ದಾರೆ ಎಂದರು. ನೀನಾದರೂ ಅವರಿಗೆ ಹೇಳು ಎಂದು ನನ್ನನ್ನು ಕೇಳಿದರು. ನನಗೆ ಎಲ್ಲವೂ ಅರ್ಥವಾಗಿತ್ತು. ಅಭಿರಾಮಿಯ ಕೈಯಲ್ಲಿದ್ದ ಬಿ.ಪಿ. ಪಟ್ಟಿಯಿಂದ ಉಳಿದ ಗಾಳಿ ಸುಯ್ಯೆಂದು ಹೋಯಿತು. ಅವಳ ಮುಖದಲ್ಲಿ ಮೊದಲು ಬಂದದ್ದು ಕಟ್ಟಿದ ಕೈಯ ನೆನಪು, ಆಮೇಲೆ ಬಂದದ್ದನ್ನು ತಮಿಳರಸಿ ನೋಡಲಾರದೆ ಹೋದಳು. ಆದರೂ ನಿಲ್ಲಿಸಲಿಲ್ಲ, ಆ ದಿನ ಸಂಜೆ ಡಾಕ್ಟರಿಗೆ ಹೇಳಿದ ಸುಳ್ಳಿನವರೆಗೂ ಹೋಗಬೇಕಿತ್ತು. ಓಚ್ಚಮ್ಮಾಳಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಒಂದು ಮಾತೂ ಬಿಡದೆ ಹೇಳುತ್ತಿದ್ದಾಳೋ ಇಲ್ಲವೋ ಎಂದು ಆಕೆ ತಲೆ ಓರೆಮಾಡಿ ಕೇಳುತ್ತ ಕೂತಿದ್ದಳು.